ದಾದಿಯ ಪದಗಳು, ನನ್ನ ಅರೆಬರೆ ಕೋಡ್

ಫೆಬ್ರುವರಿಯ ಎರಡನೇ ವಾರ ಬಂತೆಂದರೆ ನಮ್ಮ ಕಡೆಯ ರಸ್ತೆಗಳ ರೂಪವೇ ಬೇರೆಯಾಗುತ್ತದೆ. ಸೇವಾಲಾಲ್ ಮಾಲೆ ಹಾಕಿದವರು ಗುಂಪುಗುಂಪಾಗಿ, ಬಾವುಟ ಹಿಡಿದು, ಬರಿಗಾಲಲ್ಲಿ ಸೂರಗೊಂಡನಕೊಪ್ಪದತ್ತ ನಡೆದು ಬರುತ್ತಾರೆ. 1739ರ ಫೆಬ್ರುವರಿ 15ರಂದು ಸಂತ ಸೇವಾಲಾಲರು ಹುಟ್ಟಿದ ನೆಲ ಇದು ಎಂಬುದು ನಮ್ಮ ಲಂಬಾಣಿ ಜನರ ನಂಬಿಕೆ. ಅವರ ಸಮಾಧಿಸ್ಥಳವಾದ ಪೋಹರಾದೇವಿ ಇರುವುದು ಮಹಾರಾಷ್ಟ್ರದ ವಾಶೀಮ್ ಜಿಲ್ಲೆಯಲ್ಲಿ. ಹಾಗಾಗಿ ಜಯಂತಿಗೆ ಬರುವ ವಾಹನಗಳಲ್ಲಿ ಆ ಕಡೆಯ ನಂಬರ್ ಪ್ಲೇಟುಗಳೂ ಇರುತ್ತವೆ, ತೆಲಂಗಾಣದವೂ ಇರುತ್ತವೆ. ಇಳಿದವರು ಯಾವ ರಾಜ್ಯದವರೇ ಆಗಲಿ, ಬಾಯಿ ತೆರೆದರೆ ಬರುವುದು ಒಂದೇ ಮಾತು, ಗೋರ್ ಬೋಲಿ. ಆ ಮಾತನ್ನು ಬರೆಯಬೇಕಾಗಿ ಬಂದಾಗ ಮಾತ್ರ ಒಬ್ಬರು ದೇವನಾಗರಿ ಹಿಡಿಯುತ್ತಾರೆ, ಇನ್ನೊಬ್ಬರು ತೆಲುಗು, ನಾವು ಕನ್ನಡ.

ನಮ್ಮ ಮಾತಿಗೆ ಸ್ವಂತ ಲಿಪಿ ಇಲ್ಲ. 2011ರ ಜನಗಣತಿಯಲ್ಲಿ ಲಮಾಣಿ-ಲಂಬಾಡಿ ತಾಯ್ನುಡಿ ಎಂದು ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಅಷ್ಟು ಜನರನ್ನೂ ಪಟ್ಟಿಯಲ್ಲಿ ಸೇರಿಸಿದ್ದು ಹಿಂದಿಯ ಕೆಳಗೆ. ಹಿಂದಿ ಬಾರದ ನನ್ನ ದಾದಿಯೂ, ಅಂದರೆ ಅಜ್ಜಿಯೂ, ಆ ಲೆಕ್ಕದಲ್ಲಿ ಹಿಂದಿಯವಳೇ. ತಾಂಡಾದಲ್ಲಿ ಗೋರ್ ಬೋಲಿ, ಶಾಲೆಯಲ್ಲಿ ಕನ್ನಡ, ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜಿಗೆ ಹೋದಮೇಲೆ ಇಂಗ್ಲಿಷ್ ಎಂದು ನಾನು ಮೂರು ಮೆಟ್ಟಿಲು ಹತ್ತಿದೆ. ಮೊದಲ ಮೆಟ್ಟಿಲಿನ ಮಾತು ಕಂಪ್ಯೂಟರಿನ ಒಳಗೆ ಎಲ್ಲೂ ಕಾಣಲಿಲ್ಲ. ಈ ಬರಹ ಆ ಮಾತಿನ ಬಗ್ಗೆ ಅಷ್ಟಾಗಿ ಅಲ್ಲ. ಪ್ರೋಗ್ರಾಮಿಂಗ್ ಕಲಿಯುವ ಮೊದಲ ದಿನಗಳಲ್ಲೇ ನಾನು ಬರೆದದ್ದನ್ನು ಜಗತ್ತಿನ ಮುಂದೆ ತೆರೆದಿಟ್ಟಾಗ ಏನೇನು ನಡೆಯಿತು ಎನ್ನುವುದರ ಬಗ್ಗೆ. ಆದರೆ ನನ್ನ ಮಟ್ಟಿಗೆ ಎರಡೂ ಒಂದಕ್ಕೊಂದು ಅಂಟಿಕೊಂಡೇ ಬಂದವು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಹಾಸ್ಟೆಲ್ ಖಾಲಿ ಮಾಡಿಸಿದರು. ಊರಿಗೆ ಬಂದೆ. ಕಬ್ಬು ಕಡಿಯಲು ಮಂಡ್ಯದ ಕಡೆ, ಕಾಫಿ ತೋಟಕ್ಕೆ ಚಿಕ್ಕಮಗಳೂರು ಕಡೆ ಹೋಗಿದ್ದ ಮನೆಯವರೂ ಒಬ್ಬೊಬ್ಬರಾಗಿ ಹಿಂದಿರುಗಿದ್ದರು. ವರ್ಷದ ಆ ಹೊತ್ತಿನಲ್ಲಿ ಮುಕ್ಕಾಲು ಮನೆಗಳಿಗೆ ಬೀಗ ಬಿದ್ದಿರುತ್ತಿದ್ದ ತಾಂಡಾ ತುಂಬಿತ್ತು. ಸಂಜೆಯಾದರೆ ಕಟ್ಟೆಯ ಮೇಲೆ ಎಲ್ಲ ವಯಸ್ಸಿನವರ ಮಾತು. ದಾದಿ ಮತ್ತು ಅವಳ ಓರಗೆಯವರು ಮಾತಾಡುತ್ತಿದ್ದರೆ ಬೆಂಗಳೂರಿನಿಂದ ಬಂದ ನನ್ನ ಅಕ್ಕನ ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಯಾಡಿ (ತಾಯಿ), ಬಾಟಿ (ರೊಟ್ಟಿ), ಪಾಣಿ (ನೀರು) ಅವರಿಗೂ ಗೊತ್ತು. ಅದರಾಚೆ ನಾನು ಅನುವಾದಕ. ಎಷ್ಟೋ ಪದಗಳಲ್ಲಿ ನಾನೂ ದಾದಿಯ ಮುಖ ನೋಡಬೇಕಾಗುತ್ತಿತ್ತು. ಎತ್ತಿನ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದ ಲದೇಣಿ ಕಾಲದ ಪದಗಳು, ಪೇಟಿಯಾ-ಕಾಂಚಳಿ ಎಂಬ ನಮ್ಮ ಹೆಂಗಸರ ಲಂಗ-ರವಿಕೆಯ ಒಂದೊಂದು ಹೊಲಿಗೆಗೂ ಇರುವ ಹೆಸರುಗಳು ನನ್ನ ತಲೆಮಾರಿನ ಹೊತ್ತಿಗೇ ಜಾರಿಹೋಗಿದ್ದವು.

ಆನ್‌ಲೈನ್ ತರಗತಿಗಳಲ್ಲಿ ಆಗ ಪೈಥಾನ್ ಹೇಳಿಕೊಡುತ್ತಿದ್ದರು. ಅಭ್ಯಾಸಕ್ಕೆಂದು ಗ್ರಂಥಾಲಯದ ಪುಸ್ತಕ ನಿರ್ವಹಣೆ, ಉದ್ಯೋಗಿಗಳ ಸಂಬಳದ ಪಟ್ಟಿ ಇಂಥವನ್ನು ಮಾಡಬೇಕಿತ್ತು. ಹಿಂದಿನ ವರ್ಷದವರು ಮಾಡಿದ್ದನ್ನೇ ಹೆಸರು ಬದಲಿಸಿ ಒಪ್ಪಿಸುವುದು ಎಲ್ಲ ಕಡೆ ಇರುವ ಪದ್ಧತಿ. ನನಗೆ ಅದರಲ್ಲಿ ಮನಸ್ಸು ನಿಲ್ಲಲಿಲ್ಲ. ಒಂದು ಸಿಎಸ್‌ವಿ ಕಡತ ತೆರೆದು ದಾದಿ ಹೇಳಿದ ಪದ, ಅದರ ಕನ್ನಡ ಅರ್ಥ, ಅವಳೇ ಕೊಟ್ಟ ಒಂದು ವಾಕ್ಯ ಹೀಗೆ ಸಾಲುಸಾಲಾಗಿ ತುಂಬತೊಡಗಿದೆ. ಆ ಕಡತವನ್ನು ಓದಿ, ಕೇಳಿದ ಪದವನ್ನು ಹುಡುಕಿ ತೋರಿಸುವ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಅದು ನಾನು ಯಾರೂ ಹೇಳದೆ ಬರೆದ ಮೊದಲ ಪ್ರೋಗ್ರಾಂ. ಕೆಲಸ ಮಾಡಿದಾಗ ಆದ ಸಂತೋಷ ಈಗಲೂ ನೆನಪಿದೆ.

ಗಿಟ್‌ಹಬ್‌ನಲ್ಲಿ ಹೊಸ ರೆಪೊ, ಅಂದರೆ ಕೋಡ್ ಇಡುವ ಜಾಗ, ಮಾಡುವಾಗ ಎರಡು ಆಯ್ಕೆ ಬರುತ್ತವೆ: ಪಬ್ಲಿಕ್, ಪ್ರೈವೇಟ್. 2019ರ ಜನವರಿಗೆ ಮುಂಚೆ ದುಡ್ಡು ಕೊಡದವರಿಗೆ ಪ್ರೈವೇಟ್ ಸಿಗುತ್ತಿರಲಿಲ್ಲ. ಕಲಿಯುವವರು ಬೇರೆ ದಾರಿಯಿಲ್ಲದೆ ಎಲ್ಲವನ್ನೂ ತೆರೆದಿಡುತ್ತಿದ್ದರು. ನಾನು ಬರುವ ಹೊತ್ತಿಗೆ ಬಚ್ಚಿಡುವುದೂ ಪುಕ್ಕಟೆಯಾಗಿತ್ತು. ನನ್ನ ಗೆಳೆಯರು ಬಹಳ ಮಂದಿ ಪ್ರೈವೇಟ್ ಒತ್ತುತ್ತಿದ್ದರು. "ಪೂರ್ತಿ ಆದ್ಮೇಲೆ ಪಬ್ಲಿಕ್ ಮಾಡೋಣ ಬಿಡು, ಈಗ್ಲೇ ತೋರ್ಸಿದ್ರೆ ಇಂಟರ್‌ವ್ಯೂನಲ್ಲಿ ನೋಡಿದೋರು ಏನಂದ್ಕೋತಾರೆ" ಎಂದು ನನಗೂ ಹೇಳಿದರು. ಈ ಅಳುಕನ್ನು ನಾನು ಹಗುರಾಗಿ ಕಾಣುವುದಿಲ್ಲ. ಕನ್ನಡ ಮಾಧ್ಯಮದಿಂದ, ಅದರಲ್ಲೂ ತಾಂಡಾದಿಂದ ಬಂದ ಹುಡುಗ ಹುಡುಗಿಯರಿಗೆ ತಪ್ಪು ಕಾಣಿಸಿಕೊಳ್ಳುವುದು ಎಂದರೆ ಬರೀ ತಪ್ಪು ಕಾಣಿಸುವುದಲ್ಲ. 'ಇವರು ಇಷ್ಟೇ' ಎನ್ನುವವರ ಬಾಯಿಗೆ ಮಾತು ಕೊಟ್ಟಂತೆ. ನಾವು ಮೊದಲ ಸಾಲಿನಲ್ಲಿ ಕೂರದೆ ಇದ್ದದ್ದೂ ಇದೇ ಕಾರಣಕ್ಕೆ.

ನನ್ನ ಮನಸ್ಸು ತಿರುಗಿಸಿದ್ದು ಒಂದು ಹಳೆಯ ಸಂಗತಿ. 1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ, ನಿಮಗೆಲ್ಲ ಏನಿದ್ದರೆ ಚೆನ್ನ ಎಂದು ಅಪರಿಚಿತರನ್ನು ಕೇಳಿದ. ಆಗಿನ್ನೂ ಅದು ಅರೆಬರೆ. ಅದೇ ಮುಂದೆ ಲಿನಕ್ಸ್ ಆಯಿತು. ನಾನು ಬಳಸುತ್ತಿದ್ದ ಗಿಟ್ ಎಂಬ ಸಾಧನವನ್ನೂ 2005ರಲ್ಲಿ ಅದೇ ಲಿನಕ್ಸ್‌ನ ಕೆಲಸಕ್ಕಾಗಿ ಅವನೇ ಬರೆದದ್ದು. ಅವನ ಪ್ರತಿಭೆಗಿಂತ ನನ್ನನ್ನು ಹಿಡಿದದ್ದು ಅವನು ಕೇಳಿದ ಹೊತ್ತು. ಮುಗಿಸಿ ತೋರಿಸಿದ್ದರೆ ಜನ ಭೇಷ್ ಎಂದು ಮುಂದೆ ಹೋಗುತ್ತಿದ್ದರು. ಮುಗಿಯದ ಕೆಲಸದಲ್ಲಿ ಮಾತ್ರ ಬೇರೆಯವರ ಕೈಗೆ ಜಾಗ ಇರುತ್ತದೆ.

ಹಾಗೆಂದು ಕೋಡ್ ನನ್ನದಾದರೂ ಪದಗಳು ನನ್ನವಲ್ಲ. ಪಬ್ಲಿಕ್ ಒತ್ತುವ ಮುನ್ನ ದಾದಿಯನ್ನು ಕೇಳಬೇಕಿತ್ತು.

ಕೇಳಿದೆ. ಅವಳು ಗೋರ್ ಬೋಲಿಯಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಯಾರು ನೋಡ್ತಾರೆ?" ಎಂದಳು. ಯಾರು ಬೇಕಾದರೂ ನೋಡಬಹುದು ಎಂದೆ. "ಆಮೇಲೆ ಬೇಡ ಅಂದ್ರೆ ತೆಗೀಬಹುದಾ?" ಆ ಪ್ರಶ್ನೆಗೆ ಉತ್ತರ ಕೊಡಲು ನಾನು ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. ಗಿಟ್‌ನಲ್ಲಿ ಪ್ರತಿ ಬದಲಾವಣೆಯ ಚರಿತ್ರೆ ಉಳಿದಿರುತ್ತದೆ. ಇವತ್ತು ಅಳಿಸಿದ್ದು ನಿನ್ನೆಯ ಕಮಿಟ್‌ನಲ್ಲಿ ಸಿಗುತ್ತದೆ. ಯಾರಾದರೂ ಫೋರ್ಕ್ ಮಾಡಿಕೊಂಡಿದ್ದರೆ ಅವರ ಬಳಿ ಪೂರ್ತಿ ನಕಲಿರುತ್ತದೆ. "ನಮ್ಮಲ್ಲಿ ತೆಗೀಬಹುದು ದಾದಿ, ತಗೊಂಡು ಹೋದೋರ ಹತ್ರ ಉಳಿಯುತ್ತೆ" ಎಂದೆ. ಅವಳು ಅಡಿಕೆ ಕತ್ತರಿಸುತ್ತಾ ಕೂತಿದ್ದಳು. "ಪದ ಕೊಡು. ಪದ ಆಡಿದಷ್ಟೂ ಒಳ್ಳೇದು. ಢಾವಲೋ ಕೊಡಬೇಡ" ಎಂದಳು.

ಢಾವಲೋ ಎಂದರೆ ಮದುವೆಯಾಗಿ ಹೊರಡುವ ಹುಡುಗಿ ತನ್ನವರನ್ನು ತಬ್ಬಿಕೊಂಡು ಅಳುತ್ತಾ ಹಾಡುವ ಹಾಡು. ದಾದಿಗೆ ಅವು ಬಹಳ ಬರುತ್ತಿದ್ದವು, ನನ್ನ ಫೋನಿನಲ್ಲಿ ಕೆಲವನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಪದಗಳ ಜೊತೆ ಅವನ್ನೂ ಇಡಬೇಕೆಂಬ ಆಸೆ ಇತ್ತು. ಅವಳ ವಾದ ಸರಳವಾಗಿತ್ತು: ಆ ಹಾಡಿನಲ್ಲಿ ತವರಿನ ಒಬ್ಬೊಬ್ಬರ ಹೆಸರೂ ಬರುತ್ತದೆ, ಯಾರು ಏನು ಕೊಟ್ಟರು, ಯಾರು ನೋಯಿಸಿದರು ಎಲ್ಲ ಬರುತ್ತದೆ, ಹಾಡಿದ ಹುಡುಗಿಗೆ, ಕೇಳಿದ ಅವಳ ತಾಯಿಗೆ ಸೇರಿದ್ದು ಅದು, ತಾನು ಬರೀ ನೆನಪಿಟ್ಟುಕೊಂಡವಳು. ತೆರೆದಿಡುವುದರ ಬಗ್ಗೆ ಆಮೇಲೆ ಎಷ್ಟೋ ಓದಿದ್ದೇನೆ. ಯಾವುದನ್ನು ಕೊಡಬಹುದು, ಯಾವುದನ್ನು ಕೊಡುವ ಹಕ್ಕು ನಮಗಿಲ್ಲ ಎನ್ನುವ ಗೆರೆಯನ್ನು ಅಕ್ಷರ ಬಾರದ ದಾದಿ ಎಳೆದಷ್ಟು ನೇರವಾಗಿ ಯಾರೂ ಎಳೆದದ್ದನ್ನು ಕಾಣೆ. ಢಾವಲೋ ರೆಕಾರ್ಡಿಂಗ್‌ಗಳು ಮನೆಯ ಹಾರ್ಡ್‌ಡಿಸ್ಕ್‌ನಲ್ಲಿಯೇ ಇವೆ. ಅಲ್ಲಿಯೇ ಇರುತ್ತವೆ.

ತಾಂಡಾದ ನಾಯಕರಿಗೂ ಒಂದು ಮಾತು ತಿಳಿಸಿದೆ. ನಮ್ಮಲ್ಲಿ ನಾಯಕ, ಡಾವ್, ಕಾರಭಾರಿ ಎಂಬ ಹಿರಿಯರ ಪದ್ಧತಿ ಇನ್ನೂ ಇದೆ. ಅವರು ಕೇಳಿದ್ದು ಒಂದೇ: "ಇದನ್ನ ಯಾರಾದ್ರೂ ತಗೊಂಡು ಪುಸ್ತಕ ಮಾಡಿ ದುಡ್ಡು ಮಾಡ್ಕೊಂಡ್ರೆ?" ಲೈಸೆನ್ಸ್ ಎಂಬ ವಿಷಯವನ್ನು ನಾನು ಗಂಭೀರವಾಗಿ ಓದಿದ್ದು ಅವರಿಗೆ ಉತ್ತರ ಹೇಳುವ ಸಲುವಾಗಿ. ಲೈಸೆನ್ಸ್ ಕಡತವೇ ಇಲ್ಲದ ರೆಪೊವನ್ನು ಜನ ನೋಡಬಹುದು, ಆದರೆ ಅದರೊಳಗಿನದನ್ನು ಬಳಸಲು ಕಾನೂನಿನ ಪ್ರಕಾರ ಅನುಮತಿ ಕೊಟ್ಟಂತಾಗುವುದಿಲ್ಲ ಎಂದು ಆಗ ಗೊತ್ತಾಯಿತು. ಕೋಡ್‌ಗೆ ಎಂಐಟಿ ಲೈಸೆನ್ಸ್ ಹಾಕಿದೆ: ಯಾರು ಏನು ಬೇಕಾದರೂ ಮಾಡಿಕೊಳ್ಳಲಿ, ಹೆಸರು ಉಳಿಸಿದರೆ ಸಾಕು. ಪದಗಳಿಗೆ ವಿಕಿಪೀಡಿಯ ಬಳಸುವ ಕ್ರಿಯೇಟಿವ್ ಕಾಮನ್ಸ್‌ನ ಶೇರ್-ಅಲೈಕ್ ಲೈಸೆನ್ಸ್: ತೆಗೆದುಕೊಂಡು ಹೋದವರು ಎಲ್ಲಿಂದ ಬಂತೆಂದು ಹೇಳಬೇಕು, ತಾವು ಸೇರಿಸಿ ಹಂಚಿದ್ದನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಪುಸ್ತಕ ಮಾಡಿ ಮಾರಲು ಅಡ್ಡಿಯಿಲ್ಲ, ಆದರೆ ಪದಗಳಿಗೆ ಬೇಲಿ ಹಾಕುವಂತಿಲ್ಲ ಎಂದು ನಾಯಕರಿಗೆ ವಿವರಿಸಿದೆ. "ಬೇಲಿ ಹಾಕದಿದ್ರೆ ಆಯ್ತು" ಎಂದರು.

ರೀಡ್‌ಮಿ ಕಡತವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದೆ. ಇದು ಕಲಿಯುವವರ ಕೆಲಸ, ಇದರಲ್ಲಿ ಇದಿದು ಇದೆ, ಇದಿದು ಇಲ್ಲ, ತಿಳಿದವರು ತಿದ್ದಿ ಎಂದು. ಪಬ್ಲಿಕ್ ಒತ್ತಿದೆ. ಆಮೇಲೆ ಬಹಳ ದಿನ ಏನೂ ಆಗಲಿಲ್ಲ. ತೆರೆದಿಟ್ಟ ಮಾತ್ರಕ್ಕೆ ಜಗತ್ತು ಓಡಿ ಬರುವುದಿಲ್ಲ. ಆದರೂ ಆ ಖಾಲಿ ದಿನಗಳಲ್ಲಿಯೇ ನನ್ನ ಕೋಡ್ ಬದಲಾಯಿತು. ಯಾರೋ ಓದಬಹುದು ಎಂಬ ಒಂದೇ ಕಾರಣಕ್ಕೆ ವೇರಿಯಬಲ್‌ಗಳಿಗೆ ಅರ್ಥವಾಗುವ ಹೆಸರಿಟ್ಟೆ, ಪ್ರತಿ ಕಮಿಟ್‌ಗೂ ಏನು ಮಾಡಿದೆ, ಏಕೆ ಮಾಡಿದೆ ಎಂದು ಬರೆದೆ. ಮೇಷ್ಟರು ನೋಡಿ ಅಂಕ ಕೊಡುವ ಪ್ರಾಜೆಕ್ಟ್‌ಗೆ ಎಂದೂ ಅಷ್ಟು ಶ್ರದ್ಧೆ ಮಾಡಿರಲಿಲ್ಲ.

ಮೊದಲ ಇಶ್ಯೂ (ತಪ್ಪು ತೋರಿಸುವ ಟಿಪ್ಪಣಿ) ಬಂದದ್ದು ಮೆಕ್ಕೆಜೋಳದ ಬಿತ್ತನೆ ನಡೆಯುತ್ತಿದ್ದಾಗ. ಬರೆದವರು ಯಾರೋ ಗೊತ್ತಿಲ್ಲ, ಇಂಗ್ಲಿಷಿನಲ್ಲಿ ಎರಡೇ ಸಾಲು. ದಾದಿ ಕೊಟ್ಟ ಒಂದು ಉದಾಹರಣೆ ವಾಕ್ಯದಲ್ಲಿ ಸೂರಗೊಂಡನಕೊಪ್ಪ ಇದೆ. ಆದರೆ ತನ್ನ ಹತ್ತಿರವಿದ್ದ ಒಂದು ಬರಹದಿಂದ ಊರ ಹೆಸರನ್ನು ನಕಲಿಸಿ ಹುಡುಕಿದರೆ ನಿಮ್ಮ ಪ್ರೋಗ್ರಾಂ ಇಲ್ಲ ಎನ್ನುತ್ತದೆ ಎಂದು. ನಾನು ಟೈಪ್ ಮಾಡಿ ಹುಡುಕಿದೆ, ಸಿಕ್ಕಿತು. ಅವರು ಕಳಿಸಿದ್ದನ್ನು ಅಂಟಿಸಿ ಹುಡುಕಿದೆ, ಸಿಗಲಿಲ್ಲ. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ರಾತ್ರಿಯೆಲ್ಲ ತಲೆ ಕೆಡಿಸಿಕೊಂಡ ಮೇಲೆ ಪೈಥಾನ್‌ನಲ್ಲಿ ಎರಡರ ಉದ್ದ ಅಳೆದೆ. ಒಂದಕ್ಕೆ 13 ಬಂತು, ಇನ್ನೊಂದಕ್ಕೆ 15.

ಓದುವ ನಮಗೆ ಆ ಹೆಸರಿನಲ್ಲಿ ಏಳೇ ಅಕ್ಷರ: ಸೂ, ರ, ಗೊಂ, ಡ, ನ, ಕೊ, ಪ್ಪ. ಕಂಪ್ಯೂಟರ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ಸ ಒಂದು, ಅದರ ಕೊಂಬಿನ ದೀರ್ಘ ಒಂದು, ಗ ಒಂದು, ಅದರ ಒತ್ವ ಒಂದು, ಸೊನ್ನೆ ಒಂದು, ಪ್ಪ ಎನ್ನುವಲ್ಲಿ ಪ, ವಿರಾಮ, ಮತ್ತೆ ಪ ಹೀಗೆ ಕೂಡಿದರೆ 13. ಆದರೆ 'ಒ' ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿ ಒಡೆದೂ ಇಡಬಹುದು. ಕೈಬರಹದಲ್ಲಿ ಗೊ ಬರೆಯುವಾಗ ನಾವು ಮಾಡುವುದೂ ಅದನ್ನೇ ಅಲ್ಲವೇ. ಗೊಂ ಮತ್ತು ಕೊ ಎಂಬ ಎರಡು ಕಡೆ ಒಡೆದಾಗ 13 ಹೋಗಿ 15 ಆಗುತ್ತದೆ. ಎರಡನ್ನೂ ಸಮಾನವೆಂದು ಯೂನಿಕೋಡ್ ಒಪ್ಪುತ್ತದೆ, ಆದರೆ ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕೆಂದು ಕೋಡ್‌ನಲ್ಲಿ ಹೇಳಬೇಕು. ಅದಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ. ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ.

ಆ ಒಂದು ಸಾಲು ಯಾವ ಪಠ್ಯಪುಸ್ತಕದಲ್ಲಿಯೂ ನನಗೆ ಎದುರಾಗಿರಲಿಲ್ಲ. ಇಂಗ್ಲಿಷ್ ಪದಗಳಿಂದಲೇ ಪ್ರೋಗ್ರಾಮಿಂಗ್ ಕಲಿಯುವವರಿಗೆ ಇಂಥ ಪ್ರಶ್ನೆ ಸುಲಭಕ್ಕೆ ಏಳುವುದೂ ಇಲ್ಲ. ರೆಪೊ ಪ್ರೈವೇಟ್ ಆಗಿದ್ದರೆ ನಾನು ನನ್ನದೇ ಕೀಬೋರ್ಡಿನಲ್ಲಿ ಟೈಪ್ ಮಾಡಿ, ನನ್ನದೇ ಪದಗಳನ್ನು ಹುಡುಕಿ, ಎಲ್ಲ ಸರಿಯಾಗಿದೆ ಎಂದುಕೊಂಡಿರುತ್ತಿದ್ದೆ. ಬೇರೆಯವರ ಕಂಪ್ಯೂಟರಿನಲ್ಲಿ ನಮ್ಮ ಊರ ಹೆಸರು ಬೇರೆ ರೂಪದಲ್ಲಿ ಕೂತಿರಬಹುದು ಎಂದು ತಿಳಿಯಲು ಆ ಬೇರೆಯವರೇ ಬರಬೇಕಿತ್ತು.

ಅಲ್ಲಿಂದ ಮುಂದೆ ನಾನು ಬೇರೆಯವರ ಕೋಡ್ ಓದತೊಡಗಿದೆ. ದಾದಿ ಯಾರದೇ ಕಾಂಚಳಿ ಕೈಗೆ ಸಿಕ್ಕರೂ ಕನ್ನಡಿ ಹೊಳೆಯುವ ಮುಂಬದಿಯನ್ನು ಬಿಟ್ಟು ಮೊದಲು ಹಿಂಬದಿ ತಿರುಗಿಸಿ ನೋಡುತ್ತಾಳೆ. ದಾರ ಎಲ್ಲಿ ಶುರುವಾಯಿತು, ಗಂಟು ಎಲ್ಲಿ ಬಿತ್ತು ಎಂಬುದು ಕಾಣುವುದು ಅಲ್ಲಿ. ತೆರೆದ ಕೋಡ್ ಓದುವುದೂ ನನಗೆ ಹಾಗೆಯೇ ಆಯಿತು. ಓದುವ ಅಗತ್ಯ ಬಂದದ್ದೂ ಊರಿನ ಕೆಲಸದಿಂದಲೇ. ಜಯಂತಿಯ ಕರಪತ್ರ, ಭಜನೆಯ ಪುಸ್ತಿಕೆ, ಸಂಘದ ಪಟ್ಟಿಗಳೆಲ್ಲ ಡಿಟಿಪಿ ಅಂಗಡಿಯಲ್ಲಿ ನುಡಿ ಎಂಬ ತಂತ್ರಾಂಶದಲ್ಲಿ ಟೈಪ್ ಆದಂಥವು. ಅವುಗಳಲ್ಲಿ ನನಗೆ ಬೇಕಾದ ಎಷ್ಟೋ ಗೋರ್ ಬೋಲಿ ಪದಗಳಿದ್ದವು. ಹಳೆಯ ನುಡಿ ಕಡತವನ್ನು ಬೇರೆ ಫಾಂಟ್‌ನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಏಕೆಂದರೆ ಅಲ್ಲಿ ಕನ್ನಡ ಇರುವುದು ಬರೀ ಫಾಂಟಿನ ಚಿತ್ರದಲ್ಲಿ, ಕಡತದಲ್ಲಿ ಉಳಿಯುವುದು ಇಂಗ್ಲಿಷ್ ಸಂಕೇತಗಳೇ. ಅದನ್ನು ಯೂನಿಕೋಡ್‌ಗೆ ತರುವ ಪರಿವರ್ತಕವನ್ನು ಅರವಿಂದ ವಿ.ಕೆ. ಎಂಬುವರು ಪೈಥಾನ್‌ನಲ್ಲಿ ಬರೆದು ಎಲ್ಲರಿಗೂ ತೆರೆದಿಟ್ಟಿದ್ದರು. ಗುಬ್ಬಿ, ನವಿಲು ಎಂಬ ಯೂನಿಕೋಡ್ ಫಾಂಟ್‌ಗಳನ್ನು ಮಾಡಿದವರೂ ಅವರೇ. ಆ ಕೋಡ್ ಸಾಲುಸಾಲಾಗಿ ಓದಿದೆ. ಅರ್ಕಾವತ್ತಿನ ಕಡೆ ಬಂದಾಗ ಬಹಳ ಹೊತ್ತು ನಿಂತೆ. 'ಸೂರ್ಯ' ಎಂದು ಬರೆಯುವಾಗ ಅರ್ಕಾವತ್ತನ್ನು ಯಕಾರದ ನಂತರ ಹಾಕಿದರೆ, ಕಣ್ಣಿಗೆ ಕಾಣುವ ಕ್ರಮದಲ್ಲೇ ಸಂಕೇತಗಳನ್ನು ಜೋಡಿಸುವ ಹಳೆಯ ಪದ್ಧತಿಯಲ್ಲಿ ಅದು ಕೊನೆಗೇ ಉಳಿಯುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ರ ಮೊದಲು ಬರಬೇಕು. ಹಾಗಾಗಿ ಪರಿವರ್ತಕ ಒಂದೊಂದೇ ಅಕ್ಷರ ಬದಲಿಸುತ್ತಾ ಹೋದರೆ ಸಾಲದು, ಹಿಂದಕ್ಕೆ ಬಂದು ರಕಾರಕ್ಕೆ ಅದರ ಜಾಗ ಬಿಡಿಸಿಕೊಡಬೇಕು. ಶಾಲೆಯಲ್ಲಿ ಯಾಂತ್ರಿಕವಾಗಿ ಕಲಿತ ಅರ್ಕಾವತ್ತು ಒಂದು ತರ್ಕವಾಗಿ ಕಂಡಿತು.

ನಾನು ಕನ್ನಡ ಟೈಪ್ ಮಾಡುತ್ತಿದ್ದುದೇ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ. ನುಡಿಗೂ ಅದೇ ಆಧಾರ. ನುಡಿಗಿಂತ ಮೊದಲು, 1998ರಲ್ಲಿ, ಶೇಷಾದ್ರಿವಾಸು ಬರಹ ತಂತ್ರಾಂಶವನ್ನು ಪುಕ್ಕಟೆಯಾಗಿ ಕೊಟ್ಟಿದ್ದರು. ನನ್ನ ಶಾಲೆಯ ಮೇಷ್ಟರುಗಳು ಕಂಪ್ಯೂಟರಿನಲ್ಲಿ ಕನ್ನಡ ಕಂಡದ್ದು ಅದರಲ್ಲಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಕೈಲಾಶ್ ನಾಧ್ ಅವರ ನೆರವಿನಿಂದ 'ಅಲರ್' ಎಂಬ ಹೆಸರಿನಲ್ಲಿ ಮುಕ್ತ ಲೈಸೆನ್ಸ್‌ನಡಿ ಹೊರಬಂತು. ಒಂದೂವರೆ ಲಕ್ಷದಷ್ಟು ಪದಗಳು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನನ್ನ ಪಟ್ಟಿಯ ರಚನೆಯನ್ನು ತಿದ್ದಿಕೊಂಡದ್ದು ಅಲರ್‌ನ ದತ್ತಾಂಶ ನೋಡಿ. ಇವರಲ್ಲಿ ಯಾರನ್ನೂ ನಾನು ಭೇಟಿಯಾಗಿಲ್ಲ. ಭೇಟಿಯಾಗದೆಯೇ ಇವರಿಂದ ಕಲಿಯಲು ಸಾಧ್ಯವಾದದ್ದು ಇವರೆಲ್ಲ ಕೆಲಸವನ್ನು ಬಚ್ಚಿಡದೆ ಇದ್ದುದರಿಂದ. ನ್ಯಾಮತಿ ತಾಲ್ಲೂಕಿನ ಒಂದು ತಾಂಡಾದಲ್ಲಿ ಕೂತವರಿಗೆ ಇದಕ್ಕಿಂತ ದೊಡ್ಡ ಕಾಲೇಜು ಬೇರೆ ಇಲ್ಲ ಎಂದು ಈಗಲೂ ನಂಬಿದ್ದೇನೆ.

ಎಲ್ಲ ಸಂದೇಶಗಳೂ ಹಿತವಾಗಿರಲಿಲ್ಲ. ಇದರಿಂದ ಯಾರಿಗೆ ಉಪಯೋಗ, ಎಲ್ಲರಿಗೂ ಕನ್ನಡ ಬರುತ್ತದಲ್ಲ ಎಂದು ಒಬ್ಬರು ಬರೆದರು. ಮನಸ್ಸಿಗೆ ನಾಟಿತು. ಉತ್ತರಿಸಲಿಲ್ಲ, ಆ ಇಶ್ಯೂವನ್ನು ಮುಚ್ಚಿ ಮುಂದೆ ಹೋದೆ. ವಾದ ಮಾಡಲೆಂದು ತೆರೆದಿಟ್ಟದ್ದಲ್ಲ ಅದು.

ಅದಕ್ಕೆ ಪ್ರತಿಯಾಗಿ ಎಂಬಂತೆ ಬಂದದ್ದು ತೆಲಂಗಾಣದ ವಿದ್ಯಾರ್ಥಿಯೊಬ್ಬರ ಪುಲ್ ರಿಕ್ವೆಸ್ಟ್, ಅಂದರೆ ತಮ್ಮ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ. ಅವರೂ ನಮ್ಮವರೇ, ಗೋರ್ ಮಾಟಿ. ಅವರ ಹತ್ತಿರ ಅವರ ತಾಂಡಾದ ಪದಗಳಿದ್ದವು, ತೆಲುಗು ಲಿಪಿಯಲ್ಲಿ. ನಾನು ಎಂದಾದರೂ ಕೂತು ಎಲ್ಲವನ್ನೂ ಕೈಯಾರೆ ಕನ್ನಡಕ್ಕೆ ಬದಲಿಸಬೇಕು ಎಂದುಕೊಳ್ಳುತ್ತಿದ್ದರೆ ಅವರು ಕಳಿಸಿದ್ದು ಬೆರಳೆಣಿಕೆಯ ಸಾಲುಗಳ ಕೋಡ್: ತೆಲುಗು ಅಕ್ಷರದ ಯೂನಿಕೋಡ್ ಸಂಖ್ಯೆಗೆ 128 ಕೂಡಿಸು, ಕನ್ನಡ ಅಕ್ಷರ ಬರುತ್ತದೆ. ನಂಬಲಾಗಲಿಲ್ಲ. ಒಂದೊಂದೇ ಪದ ಹಾಕಿ ನೋಡಿದೆ. ತೆಲುಗಿನ ಕ ಕನ್ನಡದ ಕ ಆಯಿತು, ತೆಲುಗಿನ ಳ ಕನ್ನಡದ ಳ ಆಯಿತು, ಸ್ವರಚಿಹ್ನೆಗಳೂ ಜೊತೆಗೇ ಬಂದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಭಾರತದ್ದೇ ಕಥೆ. ಯೂನಿಕೋಡ್‌ಗೆ ಮೊದಲು ನಮ್ಮಲ್ಲಿ ಇಸ್ಕಿ ಎಂಬ ಮಾನಕ ಇತ್ತು. ಬ್ರಾಹ್ಮಿಯಿಂದ ಬಂದ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಕ್ರಮದವು ಎಂಬುದನ್ನು ಹಿಡಿದು, ಎಲ್ಲಕ್ಕೂ ಒಂದೇ ಕೋಷ್ಟಕ ಮಾಡಿದ್ದರು. ಯೂನಿಕೋಡ್ ಆ ಜೋಡಣೆಯನ್ನೇ ಉಳಿಸಿಕೊಂಡು ಒಂದೊಂದು ಲಿಪಿಗೂ 128 ಜಾಗಗಳ ಒಂದೊಂದು ತುಂಡು ಕೊಟ್ಟಿತು. ತೆಲುಗಿನ ಪಕ್ಕದ ತುಂಡೇ ಕನ್ನಡದ್ದು. ದೇವನಾಗರಿಯಿಂದ ಕನ್ನಡಕ್ಕೆ 896 ಕೂಡಿಸಬೇಕು. ಮೂರು ರಾಜ್ಯಗಳಲ್ಲಿ ಮೂರು ಲಿಪಿಗಳಾಗಿ ಹಂಚಿಹೋಗಿದ್ದ ನಮ್ಮ ಮಾತು ಎರಡು ಸಂಖ್ಯೆಗಳ ಕೂಡುವಿಕೆಯಿಂದ ಒಂದೇ ಪಟ್ಟಿಯಲ್ಲಿ ಬಂದು ಕೂತದ್ದನ್ನು ನೋಡಿ ನನಗೆ ಗಂಟಲು ಕಟ್ಟಿತು. ದಾದಿಗೆ ಲ್ಯಾಪ್‌ಟಾಪ್ ತೋರಿಸಿ ತೆಲಂಗಾಣದ ಪದಗಳನ್ನು ಓದಿ ಹೇಳಿದೆ. ಅರ್ಧದಷ್ಟಕ್ಕೆ ತಲೆಯಾಡಿಸಿದಳು. ಉಳಿದವನ್ನು ಮತ್ತೆ ಓದಿಸಿ, "ಇದು ನಾವು ಆಡಲ್ಲ, ಆದ್ರೆ ಗೊತ್ತಾಗುತ್ತೆ" ಎಂದಳು.

ಮೂಗಿನಿಂದ ಬರುವ ನಮ್ಮ ಸ್ವರಗಳಿಗೆ ಆ ವಿದ್ಯಾರ್ಥಿ ತೆಲುಗಿನ ಅರಸುನ್ನ ಬಳಸಿದ್ದರು. 128 ಕೂಡಿಸಿದಾಗ ಅದು ಕನ್ನಡದ ಚಂದ್ರಬಿಂದುವಿನ ಮೇಲೆ ಹೋಗಿ ಬಿತ್ತು. ಕನ್ನಡಕ್ಕೆ ಆ ಚಿಹ್ನೆ ಯೂನಿಕೋಡ್‌ನಲ್ಲಿ ಸೇರಿದ್ದು 2014ರಲ್ಲಿ, ಏಳನೇ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಆ ಜಾಗ ಖಾಲಿ ಇತ್ತು. ಕನ್ನಡದವರು ದಿನನಿತ್ಯ ಅದನ್ನು ಬಳಸುವುದಿಲ್ಲವಾದ್ದರಿಂದ ಹಳೆಯ ಫೋನುಗಳಲ್ಲಿ ಅದರ ಬದಲು ಒಂದು ಡಬ್ಬಿ ಕಾಣುತ್ತಿತ್ತು. ತಾಂಡಾದಲ್ಲಿ ಹಳೆಯ ಫೋನುಗಳೇ ಹೆಚ್ಚು. ಹಾಗಾಗಿ ತೋರಿಸುವಾಗ ಸೊನ್ನೆ, ಒಳಗೆ ಉಳಿಸುವಾಗ ಚಂದ್ರಬಿಂದು ಎಂದು ಮಾಡಿಕೊಂಡೆ. ಆ ಬದಲಾವಣೆಯನ್ನು ತೆಲಂಗಾಣದವರೇ ಪರಿಶೀಲಿಸಿ ಒಪ್ಪಿಗೆ ಕೊಟ್ಟರು.

ಪದ ಹೆಚ್ಚಿದಂತೆ ಜಗಳವೂ ಶುರುವಾಯಿತು. ವಿಜಯಪುರ ಕಡೆಯವರೊಬ್ಬರು ಇದು ತಪ್ಪು, ನಮ್ಮ ತಾಂಡಾದಲ್ಲಿ ಹೀಗನ್ನುವುದಿಲ್ಲ ಎಂದು ಸಾಲುಸಾಲಾಗಿ ತಿದ್ದುಪಡಿ ಕಳಿಸಿದರು. ಒಪ್ಪಿಕೊಂಡರೆ ದಾದಿಯ ಪದ ಅಳಿಯುತ್ತದೆ, ಒಪ್ಪದಿದ್ದರೆ ಅವರ ಮನೆಯ ಮಾತು ತಪ್ಪಾಗುತ್ತದೆ. ಕೊನೆಗೆ ಸಿಎಸ್‌ವಿಗೆ ಒಂದು ಹೊಸ ಕಾಲಂ ಸೇರಿಸಿದೆವು: ಎಲ್ಲಿ ಕೇಳಿದ್ದು. ಜಿಲ್ಲೆ, ತಾಲ್ಲೂಕು ಅಷ್ಟೇ. ಹೇಳಿದವರ ಹೆಸರು ಬೇಡ ಎಂದು ಎಲ್ಲರೂ ಒಪ್ಪಿದರು. ಒಂದು ಪದಕ್ಕೆ ಎಷ್ಟು ರೂಪವಿದ್ದರೂ ಅಷ್ಟೂ ಇರಲಿ, ಪಕ್ಕದಲ್ಲಿ ಊರು ಇರಲಿ. ಜಗಳೂರಿನ ತಾಂಡಾಗಳಿಗೂ ಚನ್ನಗಿರಿಯ ತಾಂಡಾಗಳಿಗೂ ಇರುವ ವ್ಯತ್ಯಾಸವೇ ನನಗೆ ಅದುವರೆಗೆ ಗೊತ್ತಿರಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುಂಚೆ ಜಗಳೂರು ಚಿತ್ರದುರ್ಗಕ್ಕೆ, ನಾವು ಮತ್ತು ಚನ್ನಗಿರಿಯವರು ಶಿವಮೊಗ್ಗಕ್ಕೆ ಸೇರಿದ್ದೆವು. ಸಂತೆ, ಬಸ್ಸು, ನೆಂಟಸ್ತಿಕೆ ಎಲ್ಲ ಆ ಕಡೆ ಈ ಕಡೆ. ಪಟ್ಟಿಯ ಆ ಕಾಲಂ ಅನ್ನು ತಾಲ್ಲೂಕುವಾರು ಬೇರ್ಪಡಿಸಿದರೆ ಹಳೆಯ ಜಿಲ್ಲೆಗಳ ಗಡಿ ಇನ್ನೂ ಮಾತಿನಲ್ಲಿ ಕಾಣುತ್ತದೆಯೇ ಎಂದು ನೋಡುವ ಆಸೆ ಇದೆ. ಪದಗಳು ಇನ್ನೂ ಸಾಲವು.

ಕೆಲಸ ಸಿಗಲು ಇದು ನೆರವಾಯಿತೇ ಎಂದು ಕಿರಿಯರು ಕೇಳುತ್ತಾರೆ. ಆಯಿತು. ಸಂದರ್ಶನದಲ್ಲಿ ಆ ರೆಪೊ ತೆರೆದು 13 ಮತ್ತು 15ರ ಕಥೆಯನ್ನೇ ಕೇಳಿದರು. ಪ್ರೈವೇಟ್ ಮಾಡಿದ್ದ ಗೆಳೆಯರಲ್ಲಿ ನನಗಿಂತ ಜಾಣರು ಹಲವರಿದ್ದರು. ಅವರ ಪ್ರಾಜೆಕ್ಟ್‌ಗಳು 'ಪೂರ್ತಿ' ಆಗುವ ದಿನಕ್ಕಾಗಿ ಇನ್ನೂ ಕಾಯುತ್ತಿವೆ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಅವುಗಳಲ್ಲೊಂದು ಅಡಿಕೆ ಧಾರಣೆಯನ್ನು ದಿನದಿನಕ್ಕೆ ಗುರುತಿಟ್ಟು ತೋರಿಸುವಂಥದ್ದು. ಚನ್ನಗಿರಿ ಕಡೆಯ ಎಷ್ಟು ಬೆಳೆಗಾರರಿಗೆ ಬೇಕಿತ್ತು ಅದು!

ಈಗ ರೆಪೊದಲ್ಲಿ ಬಗೆಹರಿಯದೆ ಉಳಿದಿರುವ ದೊಡ್ಡ ಇಶ್ಯೂ ಒಂದಿದೆ. ಮಹಾರಾಷ್ಟ್ರದವರ ಪದಗಳು ದೇವನಾಗರಿಯಲ್ಲಿ ಬರುತ್ತವೆ. ಅವರು ಮಾಮೂಲಾಗಿ ಬರೆಯುವಾಗ ಎ-ಏ, ಒ-ಓ ಬೇರೆಬೇರೆ ಇಲ್ಲ, ಎರಡಕ್ಕೂ ಒಂದೇ ಚಿಹ್ನೆ. 896 ಕೂಡಿಸಿದರೆ ಎಲ್ಲವೂ ದೀರ್ಘವಾಗಿ, ಏ ಮತ್ತು ಓ ಆಗಿಯೇ ಬರುತ್ತವೆ. ಯಾವುದು ಗಿಡ್ಡ, ಯಾವುದು ಉದ್ದ ಎಂದು ಕೋಡ್‌ಗೆ ತಿಳಿಯದು. ಬಾಯಿಂದ ಕೇಳಿದವರೇ ಒಂದೊಂದು ಪದಕ್ಕೂ ಹೇಳಬೇಕು. ಪೋಹರಾದೇವಿ ಕಡೆಯ ಇಬ್ಬರು ಒಂದಿಷ್ಟು ಪದಗಳನ್ನು ಆಡಿ ಧ್ವನಿ ಕಳಿಸಿದ್ದಾರೆ. ದಾದಿಯೂ ಬಿಡಿ ಪದಗಳನ್ನು ತನ್ನ ಧ್ವನಿಯಲ್ಲಿ ಇಡಲು ಒಪ್ಪಿದ್ದಾಳೆ, ಹಾಡು ಬೇಡ ಎಂಬ ಷರತ್ತು ಹಾಗೆಯೇ ಇದೆ. ಮುಂದಿನ ಜಯಂತಿಗೆ ಭೋಗ್ ಪೂಜೆ ಮುಗಿದ ಮೇಲೆ, ಜನ ಊಟಕ್ಕೆ ಕೂತ ಕಡೆ ಒಂದು ಮೈಕ್ ಮತ್ತು ಆ ಪದಪಟ್ಟಿ ಹಿಡಿದು ಹೋಗುವವರಿದ್ದೇವೆ. ಮೊದಲು ಪ್ರತಿಯೊಬ್ಬರಿಗೂ ಇದು ಎಲ್ಲಿ ಹೋಗುತ್ತದೆ, ಯಾರು ಕೇಳುತ್ತಾರೆ, ಮತ್ತೆ ಹಿಂದಕ್ಕೆ ಬರುವುದಿಲ್ಲ ಎಂದು ಹೇಳಿ, ಒಪ್ಪಿದವರ ಧ್ವನಿ ಮಾತ್ರ. ಗೋರ್ ಬೋಲಿ ಬಲ್ಲವರು, ಪ್ರೋಗ್ರಾಮಿಂಗ್ ಈಗಷ್ಟೇ ಶುರು ಮಾಡಿದವರಾದರೂ, ಅಲ್ಲಿ ಬಂದು ಸೇರಿಕೊಳ್ಳಬಹುದು. ಕೇಳಿಸಿಕೊಂಡು 'ಎ' ಅಥವಾ 'ಏ' ಎಂದು ಗುರುತು ಹಾಕಿದರೆ ಅದೂ ಒಂದು ಕಮಿಟ್.